ಟ್ರೇಲರ್‌ನ ಹಾಕಿ, ಗಡಿಯಾರದ ಹಾಕಿ

ಕೆನಡಾದಲ್ಲಿ ಬೇಸಿಗೆ ರಜೆ ಮುಗಿದು ಶಾಲೆಗಳು ತೆರೆಯುವ ಹೊತ್ತಿಗೆ ಐಸ್ ಹಾಕಿ ವಿಡಿಯೊ ಗೇಮಿನ ಜಾಹೀರಾತಿನ ಸುರಿಮಳೆಯೂ ಶುರುವಾಗುತ್ತದೆ. ಅಮೆರಿಕ, ಕೆನಡಾಗಳ ದೊಡ್ಡ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್ ಸಾಮಾನ್ಯವಾಗಿ ಅಕ್ಟೋಬರ್ ಹೊತ್ತಿಗೆ ಆರಂಭ. ಇಎ ಸ್ಪೋರ್ಟ್ಸ್‌ನ ಹೊಸ ಗೇಮ್ ಅದರ ಆಸುಪಾಸಿಗೇ ಅಂಗಡಿಗೆ ಬರಬೇಕು. ಎನ್‌ಎಚ್‌ಎಲ್ 25 ಬಂದದ್ದು 2024ರ ಅಕ್ಟೋಬರ್ 4ಕ್ಕೆ, ಎನ್‌ಎಚ್‌ಎಲ್ 26 ಬಂದದ್ದು 2025ರ ಸೆಪ್ಟೆಂಬರ್ 12ಕ್ಕೆ. ವ್ಯಾಂಕೂವರ್ ಪಕ್ಕದ ಬರ್ನಬಿಯಲ್ಲಿ ತಯಾರಾಗುವ ಈ ಸರಣಿಯ ಮೊದಲ ಗೇಮ್ ಬಂದದ್ದು 1991ರಲ್ಲಿ. ಈಗ ಬೆಲೆ ಸುಮಾರು 90 ಕೆನಡಿಯನ್ ಡಾಲರ್. ಒಂಟಾರಿಯೊದಲ್ಲಿ ಶೇಕಡ 13ರ ತೆರಿಗೆ ಸೇರಿದರೆ ನೂರು ದಾಟುತ್ತದೆ. 'ಹೋದ ವರ್ಷದ್ದಕ್ಕಿಂತ ಇದು ನಿಜವಾದ ಹಾಕಿಗೆ ಹತ್ತಿರ' ಎಂಬುದೇ ಪ್ರತಿ ಸಲದ ಜಾಹೀರಾತಿನ ಸಾರ. ಊರಿಗೆ ಬರುವವರ ಕೈಲಿ ಒಂದು ಡಿಸ್ಕ್ ತರಿಸಿಕೊಳ್ಳೋಣ ಎಂದುಕೊಂಡವರು ಆ ಹತ್ತಿರ ಎಷ್ಟು ಹತ್ತಿರ ಎಂದು ಮೊದಲು ಅಳೆದು ನೋಡುವುದು ಒಳ್ಳೆಯದು.

ಕೊಡಗಿನ ಕುಟುಂಬ ಹಾಕಿ ಹಬ್ಬ ನೋಡಿ ಬೆಳೆದವರಿಗೆ ಆಟದ ಗುಣ ತಿಳಿದೇ ಇರುತ್ತದೆ, ವ್ಯತ್ಯಾಸ ಮಾತ್ರ ಹೇಳಿದರೆ ಸಾಕು. ಇಲ್ಲಿ ಅಂಗಳ 200 ಅಡಿ ಉದ್ದ, 85 ಅಡಿ ಅಗಲದ ಮಂಜುಗಡ್ಡೆ. ಗೋಲ್‌ಕೀಪರ್ ಸೇರಿ ತಂಡಕ್ಕೆ ಆರು ಜನ. ಚೆಂಡಿನ ಬದಲು 3 ಇಂಚು ವ್ಯಾಸದ, 1 ಇಂಚು ದಪ್ಪದ ರಬ್ಬರ್ ಬಿಲ್ಲೆ, ಅದೇ ಪಕ್. ಸುತ್ತ ಗೋಡೆಯಿರುವುದರಿಂದ ಪಕ್ ಸುಲಭಕ್ಕೆ ಹೊರಗೆ ಹೋಗುವುದಿಲ್ಲ, ಬಡಿದು ವಾಪಸು ಬರುತ್ತದೆ. ಮೈದಾನದ ಹಾಕಿಯಲ್ಲಿ ಸ್ಟಿಕ್ಕಿನ ಚಪ್ಪಟೆ ಬದಿಯಿಂದ ಮಾತ್ರ ಆಡಬೇಕು, ಇಲ್ಲಿ ಎರಡು ಬದಿಯೂ ನಡೆಯುತ್ತದೆ. ಮೈದಾನದ ಹಾಕಿ ಆಫ್‌ಸೈಡ್ ನಿಯಮವನ್ನು ಕೈಬಿಟ್ಟು ಎಷ್ಟೋ ಕಾಲವಾಯಿತು. ಇಲ್ಲಿ ನೀಲಿ ಗೆರೆಯನ್ನು ಪಕ್‌ಗಿಂತ ಮುಂಚೆ ದಾಟಿದರೆ ಈಗಲೂ ಆಫ್‌ಸೈಡ್. 20 ನಿಮಿಷದ ಮೂರು ಪೀರಿಯಡ್. ಆಟಗಾರ ಒಂದು ಸರದಿಗೆ ಸುಮಾರು 45 ಸೆಕೆಂಡ್ ಮೈಮುರಿದು ಆಡಿ ಬೆಂಚಿಗೆ ಹೋಗುತ್ತಾನೆ, ಆಟ ನಿಲ್ಲದೆಯೇ ಇನ್ನೊಬ್ಬ ಇಳಿಯುತ್ತಾನೆ.

ಈ 45 ಸೆಕೆಂಡಿನಲ್ಲೇ ಗೇಮಿನ ನೈಜತೆ ಮೊದಲು ಎಡವುತ್ತದೆ. ಗೇಮಿನಲ್ಲಿ ಪೀರಿಯಡ್ಡನ್ನು 4 ನಿಮಿಷಕ್ಕೆ ಇಟ್ಟುಕೊಂಡು ಆಡುವವರೇ ಹೆಚ್ಚು. ಪರದೆಯ ಮೂಲೆಯಲ್ಲಿ ಮಾತ್ರ ಗಡಿಯಾರ 20:00ರಿಂದಲೇ ಇಳಿಯುತ್ತದೆ, ಅಂದರೆ ಐದು ಪಟ್ಟು ವೇಗದಲ್ಲಿ ಓಡುತ್ತದೆ. ಆಟಗಾರರು ಜಾರುವುದು ಐದು ಪಟ್ಟು ವೇಗದಲ್ಲಲ್ಲ. ಗಂಟೆಗೆ 32 ಕಿಲೊಮೀಟರ್ ವೇಗದಲ್ಲಿ ಸ್ಕೇಟ್ ಮಾಡುವವನಿಗೆ ಅಂಗಳದ ಒಂದು ತುದಿಯಿಂದ ಇನ್ನೊಂದಕ್ಕೆ ಹೋಗಲು ಏಳು ಸೆಕೆಂಡ್ ಬೇಕು. ಪರದೆಯ ಗಡಿಯಾರದ 45 ಸೆಕೆಂಡ್ ಕಳೆಯಲು ನಿಮ್ಮ ಕೋಣೆಯ ಗಡಿಯಾರದಲ್ಲಿ ಬರೀ 9 ಸೆಕೆಂಡ್. ಒಂದು ಸಲ ಆಚೆಗೆ ಹೋಗುವಷ್ಟರಲ್ಲಿ ಸರದಿ ಮುಗಿದಿರುತ್ತದೆ! ಹಾಗಾಗಲು ಬಿಟ್ಟರೆ ಆಟವೇ ಆಗದು. ಅದಕ್ಕೆ ದಣಿವಿನ ಲೆಕ್ಕವನ್ನು ಗಡಿಯಾರದಿಂದ ಬಿಡಿಸಿ ಬೇರೆಯಾಗಿಯೇ ಹೊಂದಿಸಬೇಕಾಗುತ್ತದೆ.

ಪೆನಾಲ್ಟಿಯ ಪಾಡೂ ಇದೇ. ತಪ್ಪು ಮಾಡಿದವನು 2 ನಿಮಿಷ ಹೊರಗೆ ಕೂರಬೇಕು, ಎದುರಾಳಿಗೆ ಆಗ ಒಬ್ಬ ಹೆಚ್ಚು, ಇದನ್ನು ಪವರ್ ಪ್ಲೇ ಎನ್ನುತ್ತಾರೆ. ಐದು ಪಟ್ಟು ಗಡಿಯಾರದಲ್ಲಿ ಆ ಎರಡು ನಿಮಿಷ 24 ಸೆಕೆಂಡಿಗೆ ಇಳಿಯುತ್ತದೆ. ಪಕ್ಕನ್ನು ತಮ್ಮ ತುದಿಯಿಂದ ತಂದು, ನೀಲಿ ಗೆರೆ ದಾಟಿಸಿ, ಐವರೂ ತಂತಮ್ಮ ಜಾಗದಲ್ಲಿ ನಿಲ್ಲುವುದಕ್ಕೇ ಹತ್ತು ಸೆಕೆಂಡ್ ಹೋಗುತ್ತದೆ. ಉಳಿದದ್ದರಲ್ಲಿ ಒಂದು ಹೊಡೆತ ಸಿಕ್ಕರೆ ಪುಣ್ಯ. ನಿಜವಾದ ಲೀಗಿನಲ್ಲಿ ತಂಡಗಳು ದುಡ್ಡು ಸುರಿದು ಕಟ್ಟಿಕೊಳ್ಳುವ ಪವರ್ ಪ್ಲೇ ತಂತ್ರ ಗೇಮಿನಲ್ಲಿ ಲೆಕ್ಕಕ್ಕೇ ಬಾರದಿರಲು ಕಾರಣ ಚಿತ್ರದ ಗುಣಮಟ್ಟವಲ್ಲ, ಈ ಭಾಗಾಕಾರ.

ಇನ್ನು ಗೋಲ್‌ಕೀಪರ್. ನಿಜವಾದ ಪಂದ್ಯದಲ್ಲಿ ಒಂದು ತಂಡ 60 ನಿಮಿಷಕ್ಕೆ ಹೆಚ್ಚುಕಡಿಮೆ 30 ಹೊಡೆತ ಹೊಡೆದು 3 ಗೋಲು ಗಳಿಸುತ್ತದೆ. ಹತ್ತರಲ್ಲಿ ಒಂಬತ್ತನ್ನು ಗೋಲ್‌ಕೀಪರ್ ತಡೆಯುತ್ತಾನೆ. ಅದೇ ಪ್ರಮಾಣವನ್ನು 12 ನಿಮಿಷಕ್ಕೆ ಇಳಿಸಿದರೆ ಸಿಗುವುದು 6 ಹೊಡೆತ, ಮುಕ್ಕಾಲು ಗೋಲೂ ಇಲ್ಲ. ಅಂಥ ಗೇಮನ್ನು ಯಾರೂ ಕೊಳ್ಳುವುದಿಲ್ಲ. ಹಾಗಾಗಿ ಒಂದೋ ಹೊಡೆತಗಳು ತಾಬಡತೋಬಡ ಬರಬೇಕು, ಇಲ್ಲವೇ ಗೋಲ್‌ಕೀಪರ್‌ನಲ್ಲಿ ಗೊತ್ತಿದ್ದೂ ಒಂದು ಸಂದು ಬಿಡಬೇಕು. ಆ ಸಂದು ಬಹಳ ವರ್ಷಗಳಿಂದ ಒಂದೇ ಕಡೆ ಇದೆ. ಗೋಲಿನ ಎದುರು ಒಂದು ಬದಿಯಿಂದ ಇನ್ನೊಂದು ಬದಿಗೆ ಅಡ್ಡ ಪಾಸ್, ಅದನ್ನು ನಿಲ್ಲಿಸದೆ ಬಂದ ವೇಗದಲ್ಲೇ ಹೊಡೆಯುವ ಒನ್ ಟೈಮರ್. ಎನ್‌ಎಚ್‌ಎಲ್ 94 ಈ ಒನ್ ಟೈಮರನ್ನು ತಂದಾಗ ಅದು ಸೊಗಸಾದ ಸೇರ್ಪಡೆಯೇ ಆಗಿತ್ತು. ಆನ್‌ಲೈನ್ ಆಟದಲ್ಲಿ ಎದುರಾಳಿ ಪದೇಪದೇ ಅದನ್ನೇ ಹುಡುಕಿಕೊಂಡು ಬಂದಾಗ ಸೊಗಸೆಲ್ಲ ಇಳಿದುಹೋಗುತ್ತದೆ.

ಹಾಗೆಂದು ನೈಜತೆಯ ಮಾತೆಲ್ಲ ಬೂಟಾಟಿಕೆ ಅಲ್ಲ. 2006ರ ಎನ್‌ಎಚ್‌ಎಲ್ 07ರಲ್ಲಿ ಬಂದ ಸ್ಕಿಲ್ ಸ್ಟಿಕ್ ಎಂಬ ವ್ಯವಸ್ಥೆ ಆಟವನ್ನು ನಿಜಕ್ಕೂ ಬದಲಿಸಿತು. ಅದಕ್ಕೆ ಮುಂಚೆ ಹೊಡೆತಕ್ಕೊಂದು ಬಟನ್, ಪಾಸಿಗೊಂದು ಬಟನ್. ಸ್ಕಿಲ್ ಸ್ಟಿಕ್ ಬಂದಮೇಲೆ ಕಂಟ್ರೋಲರಿನ ಬಲಗಡೆಯ ಕಡ್ಡಿಯೇ ಆಟಗಾರನ ಹಾಕಿ ಸ್ಟಿಕ್ ಆಯಿತು. ಎಡಕ್ಕೆ ಬಲಕ್ಕೆ ಆಡಿಸಿದರೆ ಪಕ್ ಹಾಗೇ ಆಚೀಚೆ ಸರಿಯುತ್ತದೆ, ಮುಂದಕ್ಕೆ ತಳ್ಳಿದರೆ ಮಣಿಕಟ್ಟಿನ ಹೊಡೆತ, ಹಿಂದಕ್ಕೆಳೆದು ಮುಂದಕ್ಕೆ ತಳ್ಳಿದರೆ ಬೀಸಿ ಹೊಡೆಯುವ ಸ್ಲ್ಯಾಪ್ ಶಾಟ್. ಹೊಡೆಯಲು ತಡವಾದರೆ ತಪ್ಪು ಬೆರಳಿನದೇ, ಗೇಮಿನದಲ್ಲ. ಆಮೇಲಿನ ವರ್ಷಗಳಲ್ಲಿ ಸ್ಕೇಟಿಂಗ್‌ಗೆ ಭಾರ ಬಂತು, ಡಿಕ್ಕಿಗೆ ಭೌತಶಾಸ್ತ್ರ ಬಂತು. ಆದರೂ ಕೈಗೆ ತಿಳಿಯುವ ಬದಲಾವಣೆ ಎಂದರೆ ಇಂದಿಗೂ ಇದೇ.

ಆಗ ಪೈಪೋಟಿಯೂ ಇತ್ತು ಎಂಬುದು ಮುಖ್ಯ. ಎದುರಿಗಿದ್ದ 2ಕೆ ಸರಣಿ 2004ರಲ್ಲಿ ತನ್ನ ಹಾಕಿ ಗೇಮನ್ನು 19.99 ಅಮೆರಿಕನ್ ಡಾಲರಿಗೇ ಮಾರಿ ಗದ್ದಲ ಎಬ್ಬಿಸಿತ್ತು. ಕನ್ಸೋಲ್‌ಗಳಲ್ಲಿ ಅದರ ಕೊನೆಯ ಹಾಕಿ ಗೇಮ್ ಬಂದದ್ದು 2010ರಲ್ಲಿ. ಅಲ್ಲಿಂದ ಈಚೆಗೆ ಲೀಗಿನ ಪರವಾನಗಿಯಿರುವ ದೊಡ್ಡ ಗೇಮ್ ಒಂದೇ. ಎದುರಾಳಿ ಇಲ್ಲದಿದ್ದಾಗ ಹೊಸ ಗೇಮು ಗೆಲ್ಲಬೇಕಾದದ್ದು ತನ್ನದೇ ಹಳೆಯ ಗೇಮನ್ನು. ವರ್ಷಕ್ಕೊಂದು ಹೊಸ ಹೆಸರು ಹುಟ್ಟುವುದು ಆಗಲೇ. ಎನ್‌ಎಚ್‌ಎಲ್ 24ರಲ್ಲಿ ದಣಿವಿನ ಲೆಕ್ಕ ನೋಡುವ ಎಕ್ಸಾಸ್ಟ್ ಎಂಜಿನ್, ಎನ್‌ಎಚ್‌ಎಲ್ 25ರಲ್ಲಿ ಕಂಪ್ಯೂಟರ್ ನಡೆಸುವ ಆಟಗಾರರ ಬುದ್ಧಿ ಚುರುಕು ಮಾಡುವ ಐಸ್-ಕ್ಯೂ, ಎನ್‌ಎಚ್‌ಎಲ್ 26ರಲ್ಲಿ ಅದೇ ಐಸ್-ಕ್ಯೂನ ಎರಡನೇ ಆವೃತ್ತಿ, ಜೊತೆಗೆ ಎನ್‌ಎಚ್‌ಎಲ್ ಎಡ್ಜ್ ದತ್ತಾಂಶ. ಎಡ್ಜ್ ಎಂಬುದು ಲೀಗ್ ತಾನೇ ಸಂಗ್ರಹಿಸುವ ಮಾಹಿತಿ: ಆಟಗಾರರೂ ಪಕ್ಕೂ ಎಲ್ಲಿದ್ದರು, ಎಷ್ಟು ವೇಗದಲ್ಲಿದ್ದರು ಎಂಬ ದಾಖಲೆ. ಅದು ಅಸಲಿ ಮಾಹಿತಿಯೇ. ಒಬ್ಬ ಆಟಗಾರ ಎಲ್ಲಿಂದ ಹೊಡೆಯಲು ಇಷ್ಟಪಡುತ್ತಾನೆ ಎಂಬುದು ಅದರಿಂದ ಗೇಮಿಗೆ ಬರಬಹುದು. ಐದು ಪಟ್ಟು ಓಡುವ ಗಡಿಯಾರವನ್ನು ಅದು ಸರಿಮಾಡಲಾರದು.

ನೈಜತೆ ಎಷ್ಟಿರಬೇಕು ಎಂಬುದು ಪರವಾನಗಿ ಕೊಡುವವರ ಕೈಯಲ್ಲೂ ಇರುತ್ತದೆ. 1992ರ ಎನ್‌ಎಚ್‌ಎಲ್‌ಪಿಎ ಹಾಕಿ 93ಕ್ಕೆ ಆಟಗಾರರ ಸಂಘದ ಒಪ್ಪಿಗೆ ಮಾತ್ರ ಇತ್ತು. ಹೆಸರುಗಳು ಅಸಲಿ, ಜಗಳವುಂಟು, ಮಂಜಿನ ಮೇಲೆ ರಕ್ತವೂ ಉಂಟು, ತಂಡಗಳ ಲಾಂಛನ ಮಾತ್ರ ಇಲ್ಲ. ಮರುವರ್ಷ ಲೀಗಿನ ಪರವಾನಗಿಯೂ ಸಿಕ್ಕಿ ಲಾಂಛನಗಳು ಬಂದವು, ಜಗಳವೂ ರಕ್ತವೂ ಹೋದವು. ನಿಜವಾದ ಪಂದ್ಯಗಳಲ್ಲಿ ಗುದ್ದಾಟ ಆಗಲೂ ಇತ್ತು, ಈಗಲೂ ಇದೆ.

ಪೆಟ್ಟಿಗೆಯ ಹೊಳಪಿಗೂ ಒಳಗಿನ ಸರಕಿಗೂ ತಾಳೆಯಾಗದ ಉದಾಹರಣೆ ಬೇಕಿದ್ದರೆ 2014ರ ಎನ್‌ಎಚ್‌ಎಲ್ 15 ಇದೆ. ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್ ಕನ್ಸೋಲ್‌ಗಳಿಗೆ ಬಂದ ಈ ಸರಣಿಯ ಮೊದಲ ಗೇಮ್. ಪ್ರೇಕ್ಷಕರು ಜೀವಂತ, ಜೆರ್ಸಿಯ ಬಟ್ಟೆ ಅಲುಗಾಡುತ್ತಿತ್ತು, ಎನ್‌ಬಿಸಿ ವಾಹಿನಿಯ ಪ್ರಸಾರದ ತದ್ರೂಪ. ಆದರೆ ಆರು ಆರು ಜನ ಸೇರಿ ಆನ್‌ಲೈನ್‌ನಲ್ಲಿ ಕ್ಲಬ್ ಕಟ್ಟಿಕೊಂಡು ಆಡುವ ಇಎಎಸ್‌ಎಚ್‌ಎಲ್ ಇರಲಿಲ್ಲ, ತಂಡದ ಆಡಳಿತ ನೋಡಿಕೊಳ್ಳುವ ಆನ್‌ಲೈನ್ ಜಿಎಂ ಲೀಗ್ ಇರಲಿಲ್ಲ, ಸಾದಾ ಸೀಸನ್ ಆಟವೂ ಇರಲಿಲ್ಲ. ಕೆಲವು ಸಂಗತಿಗಳು ಅಪ್‌ಡೇಟ್‌ಗಳಲ್ಲಿ ನಿಧಾನಕ್ಕೆ ಬಂದವು. ಇಎಎಸ್‌ಎಚ್‌ಎಲ್ ಮರಳಿದ್ದು ಮರುವರ್ಷ, ಎನ್‌ಎಚ್‌ಎಲ್ 16ರಲ್ಲಿ. ಒಂದು ಪಂದ್ಯದ ಡೆಮೊ ಆಡಿದವರಿಗೆ ಇದು ತಿಳಿಯುವ ದಾರಿಯೇ ಇಲ್ಲ. ಡೆಮೊದಲ್ಲಿ ಇರುವುದನ್ನು ನೋಡಬಹುದು, ಗೇಮಿನಲ್ಲಿ ಇಲ್ಲದ್ದನ್ನು ನೋಡಲಾಗದು. ಅದಕ್ಕೇ ಯಾವ ಯಾವ ಮೋಡ್, ಅಂದರೆ ಆಟದ ಬಗೆ, ಇದೆ ಎಂಬ ಪಟ್ಟಿಯನ್ನು ಹಿಂದಿನ ವರ್ಷದ ಪಟ್ಟಿಯ ಪಕ್ಕ ಇಟ್ಟು ಓದಬೇಕು.

ಹಿಂದೆ ಸಿಗುತ್ತಿದ್ದ ಡೆಮೊ ಎಂದರೆ ಎರಡು ತಂಡ, ಮೊಟಕಾದ ಆಟ, ಅಷ್ಟೇ. ಈಗ ಅದರ ಜಾಗದಲ್ಲಿರುವುದು ಇಎ ಪ್ಲೇ ಚಂದಾದಾರರಿಗೆ ಸಿಗುವ 10 ಗಂಟೆಯ ಟ್ರಯಲ್. ಎಕ್ಸ್‌ಬಾಕ್ಸ್‌ನ ಗೇಮ್ ಪಾಸ್ ಅಲ್ಟಿಮೇಟ್ ಚಂದಾದಲ್ಲಿ ಇಎ ಪ್ಲೇ ಕೂಡ ಸೇರಿಯೇ ಬರುತ್ತದೆ. ಪೂರ್ತಿ ಗೇಮೇ ಇಳಿಯುವುದರಿಂದ ಇದು ಹಳೆಯ ಡೆಮೊಗಿಂತ ಎಷ್ಟೋ ವಾಸಿ. ಆದರೆ ಆಡುವಾಗಷ್ಟೇ ಅಲ್ಲ, ಗೇಮ್ ತೆರೆದಿರುವಷ್ಟು ಹೊತ್ತೂ ಲೆಕ್ಕಕ್ಕೆ ಬರುತ್ತದೆ. ಊಟಕ್ಕೆ ಏಳುವಾಗ ಗೇಮನ್ನು ಪೂರ್ತಿ ಮುಚ್ಚಿಯೇ ಏಳಿ.

ಆ ಹತ್ತು ಗಂಟೆಯನ್ನು ಖರ್ಚು ಮಾಡುವ ರೀತಿ ಇದೆ. ಮೊದಲು ಟಿವಿಯನ್ನು ಗೇಮ್ ಮೋಡಿಗೆ ಹಾಕಿ. ಇಲ್ಲದಿದ್ದರೆ ಟಿವಿ ಚಿತ್ರವನ್ನು ತಿದ್ದಿ ತೀಡುವಷ್ಟರಲ್ಲಿ ಆಗುವ ವಿಳಂಬವನ್ನು ಗೇಮಿನ ತಪ್ಪು ಎಂದು ಭಾವಿಸುತ್ತೀರಿ. ಮೊದಲ ಅರ್ಧ ಗಂಟೆ ಅಭ್ಯಾಸದ ಅಂಗಳದಲ್ಲಿ ಒಂದೇ ಜಾಗದಿಂದ ಇಪ್ಪತ್ತು ಸಲ ಹೊಡೆಯಿರಿ. ಒಂದೇ ಮೂಲೆಗೆ ಹೊಡೆದದ್ದೆಲ್ಲ ಗೋಲಾದರೆ ಸಂದು ಎಲ್ಲಿದೆ ಎಂದು ಗೊತ್ತಾಯಿತು. ಆಮೇಲೆ ಕಂಪ್ಯೂಟರ್ ಎದುರು ಒಂದು ಪಂದ್ಯ ಆಡಿ, ಆದರೆ ಪಕ್ ಹಿಡಿದವನನ್ನು ನೋಡಬೇಡಿ, ಉಳಿದ ನಾಲ್ವರನ್ನು ನೋಡಿ. ನೀವು ನೀಲಿ ಗೆರೆಯ ಬಳಿ ನಿಧಾನಿಸಿದರೆ ಜೊತೆಗಾರರು ಗೆರೆಯ ಮೇಲೆ ತಡೆದು ನಿಲ್ಲುತ್ತಾರೋ, ಒಳಗೆ ನುಗ್ಗಿ ಆಫ್‌ಸೈಡ್ ಮಾಡುತ್ತಾರೋ? ನಿಮ್ಮ ರಕ್ಷಣೆಯವನು ಗೋಲಿನ ಎದುರಿನ ಎದುರಾಳಿಯನ್ನು ಬಿಟ್ಟು ಪಕ್ಕಿನ ಹಿಂದೆ ಓಡುತ್ತಾನೋ? ಅಡ್ಡ ಪಾಸಿನ ಸಂದಿಗೆ ಅರ್ಧ ಕಾರಣ ಈ ಓಟವೇ. ಕೊನೆಗೆ, ದಣಿದ ಆಟಗಾರರನ್ನು ಬೇಕೆಂದೇ ಬದಲಿಸದೆ ಇಟ್ಟುಕೊಂಡು ನೋಡಿ. ವೇಗ, ಪಾಸಿನ ಗುರಿ ಎರಡೂ ಕುಸಿಯದಿದ್ದರೆ ದಣಿವಿನ ಎಂಜಿನ್ ಎಂಬ ಮಾತು ಬರೀ ಹೆಸರು.

ಟ್ರೇಲರ್ ಓದುವುದು ಇದಕ್ಕಿಂತ ಸುಲಭ. ಮೂಲೆಯಲ್ಲಿ ಸ್ಕೋರ್, ಗಡಿಯಾರ, ಆಟಗಾರನ ಕಾಲಡಿಯ ಗುರುತು ಕಾಣದಿದ್ದರೆ ನೀವು ಆಡುವಾಗ ಕಾಣುವ ದೃಶ್ಯ ಅದಲ್ಲ. ಆಡುವಾಗ ಕ್ಯಾಮೆರಾ ಎತ್ತರದಲ್ಲಿ, ಹಿಂದೆ ಇರುತ್ತದೆ. ಮಂಜಿನ ಮಟ್ಟದಲ್ಲಿ, ಸ್ಕೇಟಿನ ಪುಡಿ ಹಾರುವ ಕೋನ ರೀಪ್ಲೇಯದ್ದು. ಮುಖದ ಬೆವರು, ಗಡ್ಡದ ಕೂದಲಿಗೆ ಸುರಿದ ದುಡ್ಡು ಆಡುವ ಎತ್ತರದಿಂದ ಕಾಣುವುದೇ ಇಲ್ಲ. ಮುಖಪುಟದ ಆಟಗಾರನ ಆಯ್ಕೆಯೂ ಪ್ರಚಾರವೇ; ಎನ್‌ಎಚ್‌ಎಲ್ 13ಕ್ಕೂ 14ಕ್ಕೂ ಅಭಿಮಾನಿಗಳ ಮತ ಕೇಳಿ ಕ್ಲೋಡ್ ಜಿರೂ, ಮಾರ್ಟಿನ್ ಬ್ರೊಡೂರ್ ಅವರನ್ನು ಆರಿಸಿದರು. ಎನ್‌ಎಚ್‌ಎಲ್ 23ರ ಮುಖಪುಟಕ್ಕೆ ಟ್ರೆವರ್ ಝೀಗ್ರಾಸ್ ಜೊತೆ ಸಾರಾ ನರ್ಸ್ ಬಂದದ್ದು ಮಾತ್ರ ಬರೀ ಚಿತ್ರವಾಗಿ ಉಳಿಯಲಿಲ್ಲ. ಇಷ್ಟದ ಆಟಗಾರರನ್ನು ಕೂಡಿಸಿ ತಂಡ ಕಟ್ಟುವ ಆ ಗೇಮಿನ ಅಲ್ಟಿಮೇಟ್ ಟೀಮಿನಲ್ಲಿ ಹೆಂಗಸರೂ ಗಂಡಸರೂ ಒಂದೇ ತಂಡದಲ್ಲಿ ಆಡಬಹುದಾಯಿತು.

ಕೊಂಡಾದ ಮೇಲೆ ಗೇಮನ್ನು ಹಾಕಿಗೆ ಹತ್ತಿರ ತರುವುದು ಸೆಟ್ಟಿಂಗ್ಸ್‌ನಲ್ಲಿರುವ, ಸರಿಸಿ ಅಳತೆ ಹೊಂದಿಸುವ ಸ್ಲೈಡರ್‌ಗಳು. ಪೀರಿಯಡ್ ಮೊದಲು 10 ನಿಮಿಷಕ್ಕೆ ಏರಿಸಿ. ಪವರ್ ಪ್ಲೇ ಆಗ ಪೂರ್ತಿ ಒಂದು ನಿಮಿಷ ಸಿಗುತ್ತದೆ, ಅಷ್ಟರಲ್ಲಿ ತಂತ್ರ ಹೂಡಬಹುದು. ಗೇಮ್ ಸ್ಪೀಡ್ ಒಂದು ಹಂತ ಇಳಿಸಿ. ಆಟ್ರಿಬ್ಯೂಟ್ ಎಫೆಕ್ಟ್ಸ್ ಏರಿಸಿದರೆ ಒಳ್ಳೆಯ ಆಟಗಾರನಿಗೂ ಸಾಧಾರಣನಿಗೂ ಅಂತರ ಕಾಣುತ್ತದೆ. ಅಡ್ಡ ಪಾಸಿಗೆ ಗೋಲ್‌ಕೀಪರ್ ಪ್ರತಿಕ್ರಿಯಿಸುವ ಸ್ಲೈಡರ್ ಬೇರೆಯೇ ಇದೆ, ಅದನ್ನು ಚುರುಕು ಮಾಡಿ. ದಣಿವಿನ ಪರಿಣಾಮವನ್ನು ತೋರುವ ಫೆಟೀಗ್ ಎಫೆಕ್ಟ್ ಹೆಚ್ಚಿಸಿ, ಚೇತರಿಕೆ ಇಳಿಸಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಮೂರು ಪಂದ್ಯ ಆಡಿ, ಬರೆದಿಡಿ; ನಾಲ್ಕನ್ನು ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಏನಾಯಿತೆಂದು ಬ್ರಹ್ಮನಿಗೂ ತಿಳಿಯದು. ತಂಡಕ್ಕೆ 25ರಿಂದ 30 ಹೊಡೆತ, ಸುಮಾರು 3 ಗೋಲು, ಮೂರೋ ನಾಲ್ಕೋ ಪೆನಾಲ್ಟಿ ಬರುವಂತಾದರೆ ಬದಲಿಸುವುದನ್ನು ಅಲ್ಲಿಗೇ ನಿಲ್ಲಿಸಿ. ಅರ್ಧ ಸಮಯದಲ್ಲಿ ಪೂರ್ತಿ ಪಂದ್ಯದ ಹೊಡೆತ ಬರಬೇಕಾದ್ದರಿಂದ ಆಟ ಕೊಂಚ ಬಿರುಸಾಗಿಯೇ ಇರುತ್ತದೆ, ಅದಕ್ಕೆ ಮದ್ದಿಲ್ಲ. ಆನ್‌ಲೈನ್ ಆಟದಲ್ಲಿ ಸ್ಲೈಡರ್‌ಗಳು ನಿಮ್ಮ ಕೈಗೆ ಸಿಗುವುದಿಲ್ಲ.

ಊರಿನವರಿಗೆ ಇನ್ನೆರಡು ಮಾತು. ಕೆನಡಾದಿಂದ ತಂದ ಪ್ಲೇಸ್ಟೇಷನ್ ಡಿಸ್ಕ್ ಭಾರತದ ಕನ್ಸೋಲಿನಲ್ಲಿ ಓಡುತ್ತದೆ. ಆದರೆ ಹೆಚ್ಚುವರಿ ಸರಕು, ಗೇಮಿನೊಳಗಿನ ಪಾಯಿಂಟ್ಸ್ ಕೊಳ್ಳಬೇಕಾದರೆ ಪ್ಲೇಸ್ಟೇಷನ್‌ನ ಆನ್‌ಲೈನ್ ಅಂಗಡಿಯಲ್ಲಿರುವ ನಿಮ್ಮ ಖಾತೆಯ ಪ್ರದೇಶವೂ ಡಿಸ್ಕಿನ ಪ್ರದೇಶವೂ ಒಂದೇ ಆಗಿರಬೇಕು. ಬೆಂಗಳೂರಿನಿಂದ ಅಮೆರಿಕದ ಪೂರ್ವ ಕರಾವಳಿಗೆ ಸಂಕೇತ ಹೋಗಿ ಬರಲು ಸಾಮಾನ್ಯವಾಗಿ 200 ಮಿಲಿಸೆಕೆಂಡಿನ ಆಸುಪಾಸು ಬೇಕು. ಸೆಕೆಂಡಿಗೆ 60 ಚಿತ್ರ ಓಡುವ ಗೇಮಿನಲ್ಲಿ ಅದು ಹನ್ನೆರಡು ಚಿತ್ರಗಳ ವಿಳಂಬ. ಒನ್ ಟೈಮರ್ ಹೊಡೆಯುವವನು ಅಷ್ಟರಲ್ಲಿ ಪಕ್ಕನ್ನು ಕಳೆದುಕೊಂಡಿರುತ್ತಾನೆ. ಆನ್‌ಲೈನ್‌ಗಾಗಿಯೇ ತರಿಸುವುದಾದರೆ ಬೇಡ. ಮನೆಯಲ್ಲಿ ಇಬ್ಬರು ಪಕ್ಕಪಕ್ಕ ಕೂತು ಆಡುವುದಾದರೆ ತರಿಸಿ.

ಕಂಪ್ಯೂಟರ್ ಮಾತ್ರ ಇರುವವರಿಗೆ 2008ರ ಎನ್‌ಎಚ್‌ಎಲ್ 09ರ ಮೇಲೆ ಈ ಸರಣಿಯ ಗೇಮ್ ಬಂದೇ ಇಲ್ಲ. ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಎರಡು ಪರ್ಯಾಯಗಳಿವೆ. ತಂಡ ಕಟ್ಟುವ, ಆಟಗಾರರನ್ನು ಕೊಂಡು ಮಾರುವ ಲೆಕ್ಕಾಚಾರ ಇಷ್ಟವಾದರೆ ಫ್ರಾಂಚೈಸ್ ಹಾಕಿ ಮ್ಯಾನೇಜರ್. ಕೈಯಾರೆ ಆಡಬೇಕಾದರೆ ಸ್ಲ್ಯಾಪ್‌ಶಾಟ್ ರೀಬೌಂಡ್, ಅದಕ್ಕೆ ದುಡ್ಡಿಲ್ಲ. ಅದರ ಆಟಗಾರರು ವ್ಯಂಗ್ಯಚಿತ್ರದ ಬೊಂಬೆಗಳಂತಿದ್ದಾರೆ, ಲೀಗಿನ ಒಂದು ಲಾಂಛನವೂ ಇಲ್ಲ. ಆದರೆ ಹೊಡೆಯುವ ಬಟನ್ನೂ ಇಲ್ಲ: ಮೌಸ್ ತಿರುಗಿದಂತೆ ಸ್ಟಿಕ್ ತಿರುಗುತ್ತದೆ, ಸ್ಟಿಕ್ಕಿನ ಬ್ಲೇಡ್ ಎಲ್ಲಿ ತಾಗಿತೋ ಪಕ್ ಅಲ್ಲಿಗೆ ತಕ್ಕ ಹಾಗೆ ಹೋಗುತ್ತದೆ. ಮೊದಲ ದಿನ ಪಕ್ಕನ್ನು ಮುಟ್ಟುವುದೇ ಕಷ್ಟ.