ಅಕ್ಕೋರ ಲಾಂಚು

ಮಗಳು ಕಾರು ಓಡಿಸುತ್ತಿದ್ದಳು. ಅಂಬಾರಗೋಡ್ಲಿನಲ್ಲಿ ಸೇತುವೆ ಹತ್ತಿದಾಗ ನಾನು ಗಡಿಯಾರ ನೋಡಿಕೊಂಡೆ. ಆಚೆ ಕಳಸವಳ್ಳಿಯಲ್ಲಿ ಇಳಿದಾಗ ಮತ್ತೆ ನೋಡಿದೆ. ನಾಲ್ಕು ನಿಮಿಷ ಆಗಿತ್ತು ಅಷ್ಟೇ.

"ಇಷ್ಟರಲ್ಲಿ ಅಮ್ಮ ಎರಡು ಪುಸ್ತಕ ತಿದ್ದಿರುತ್ತಿದ್ದಳು ಅಲ್ವಾ ಅಪ್ಪ?" ಅಂದಳು ಮಗಳು. ನನಗೆ ಮಾತು ಬರಲಿಲ್ಲ.

ಶರಾವತಿ ಹಿನ್ನೀರಿನ ಮೇಲಿನ ಈ ಸೇತುವೆ ಶುರುವಾಗಿದ್ದು 2025ರ ಜುಲೈ 14ಕ್ಕೆ. ಅದಕ್ಕೆ ಎಂಟು ತಿಂಗಳ ಮೊದಲೇ ನನ್ನವಳು ಹೊರಟುಹೋಗಿದ್ದಳು. ಕಾಯಿಲೆಯ ದಿನಗಳ ಬಗ್ಗೆ ನಾನು ಜಾಸ್ತಿ ಬರೆಯುವುದಿಲ್ಲ. ಅವಳಿಗೂ ಅದು ಇಷ್ಟ ಆಗುತ್ತಿರಲಿಲ್ಲ. 2018ರಲ್ಲಿ ಅಡಿಗಲ್ಲು ಬಿದ್ದ ದಿನ ಮಾತ್ರ "ಒಂದು ಸಲ ಆದರೂ ನಡ್ಕೊಂಡು ದಾಟಬೇಕು" ಅಂದಿದ್ದಳು. ಮಗಳಿಗೆ ಆ ಮಾತು ನೆನಪಿತ್ತು. ಶ್ರಾವಣದ ಒಂದು ಭಾನುವಾರ ಬೆಂಗಳೂರಿನಿಂದ ಬಂದವಳು, "ಅಮ್ಮನ ಶಾಲೆ ನೋಡ್ಕೊಂಡು ಬರೋಣ, ನಡಿ ಅಪ್ಪ" ಎಂದು ಹೊರಡಿಸಿದಳು.

1985ರಿಂದ ಹತ್ತೊಂಬತ್ತು ವರ್ಷ ಅವಳು ಹೊಳೆಯಾಚೆ ಪಾಠ ಮಾಡಿದಳು. ನಮ್ಮ ಮನೆ ಸಾಗರದ ದಿಕ್ಕಿನ ದಡದಲ್ಲಿ. ಲಾಂಚು ಹತ್ತುವ ಹೊಳೆಬಾಗಿಲಿಗೆ ನಾಲ್ಕು ಮೈಲಿ. ಬೆಳಿಗ್ಗೆ ಸ್ಕೂಟರಿನಲ್ಲಿ ಬಿಟ್ಟು ಬರುತ್ತಿದ್ದೆ, ಸಂಜೆ ಹೋಗಿ ಕಾಯುತ್ತಿದ್ದೆ. ನಡುವೆ ಲಾಂಚು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಕರೂರು ಹೋಬಳಿಯ ಜನರಿಗೆ ಸಾಗರಕ್ಕೆ ಬರಲು ಅದೇ ದಾರಿ. ರಸ್ತೆಯಲ್ಲೇ ಬರುತ್ತೇವೆ ಅಂದರೆ ಕೋಗಾರು, ಕಾರ್ಗಲ್ ಎಲ್ಲಾ ಸುತ್ತಿಕೊಂಡು ಬರಬೇಕು. ಬಸ್ಸು, ಜೀಪು, ಬಾಣಂತಿ, ಮದುವೆ ದಿಬ್ಬಣ, ಅಡಿಕೆ ಮೂಟೆ, ಎಲ್ಲವೂ ಅದರಲ್ಲೇ ದಾಟಬೇಕು. ಬೇಸಿಗೆಯಲ್ಲಿ ನೀರು ಇಳಿದರೆ ಗಾಡಿ ಹತ್ತಿಸುತ್ತಿರಲಿಲ್ಲ. ಜನ ಕೆಸರಿನಲ್ಲಿ ಇಳಿದು ನಡೆಯಬೇಕು. ಇವಳು ಸೀರೆಯ ನಿರಿಗೆ ಎತ್ತಿ ಕಟ್ಟಿ, ಚಪ್ಪಲಿ ಕೈಯಲ್ಲಿ ಹಿಡಿದು ಹೋಗುತ್ತಿದ್ದಳು.

ಲಾಂಚು ದಾಟಲು ಅರ್ಧ ಗಂಟೆಗೆ ಸ್ವಲ್ಪ ಕಡಿಮೆ. ಆ ಹೊತ್ತು ಅವಳದ್ದು. ಕಟ್ಟೆಯ ಹಾಗಿದ್ದ ಒಂದು ಜಾಗದಲ್ಲಿ ಕೂತು, ತೊಡೆಯ ಮೇಲೆ ಕಾಪಿ ಪುಸ್ತಕ ಇಟ್ಟು, ಕೆಂಪು ಪೆನ್ನಿನಲ್ಲಿ ತಿದ್ದುತ್ತಿದ್ದಳು. ತಪ್ಪು ಇದ್ದಲ್ಲಿ ಗೀಟು ಎಳೆಯುತ್ತಿರಲಿಲ್ಲ. ಪಕ್ಕದಲ್ಲಿ ಸರಿಯಾದ ಅಕ್ಷರ ದುಂಡಗೆ ಬರೆಯುತ್ತಿದ್ದಳು. "ಗೀಟು ನೋಡಿದ್ರೆ ಮಗುವಿಗೆ ಗೀಟೇ ನೆನಪಿರತ್ತೆ" ಅನ್ನುತ್ತಿದ್ದಳು. ಪುಸ್ತಕ ಮುಗಿದ ದಿನ ಅವರಿವರಿಗೆ ಅರ್ಜಿ ಬರೆದುಕೊಡುವುದು. ಮುಳುಗಡೆ ಆಗಿ ಬಂದು ಗುಡ್ಡದ ಮೇಲೆ ಮನೆ ಕಟ್ಟಿಕೊಂಡವರಿಗೆ ಜಾಗದ ಹಕ್ಕುಪತ್ರ ಇರಲಿಲ್ಲ. ಎಷ್ಟೋ ಜನರಿಗೆ ಈಗಲೂ ಇಲ್ಲ. ನಾಡಿಗೆಲ್ಲ ಕರೆಂಟು ಕೊಡಲು ಊರು ಬಿಟ್ಟವರ ಮಕ್ಕಳು ಬುಡ್ಡಿ ದೀಪದಲ್ಲಿ ಓದುತ್ತಿದ್ದರು. ಈ ಮಾತು ಬಂದಾಗಲೆಲ್ಲ ಅವಳ ದನಿ ಗಟ್ಟಿಯಾಗುತ್ತಿತ್ತು.

ಮಳೆಗಾಲದ ಒಂದು ಚಿತ್ರ ನನ್ನ ಕಣ್ಣಿಂದ ಹೋಗುವುದೇ ಇಲ್ಲ. ನಮ್ಮ ಕಡೆ ಜುಲೈ ತಿಂಗಳಲ್ಲಿ ಉಪ್ಪು ನೀರಾಗುತ್ತದೆ, ಬೆಂಕಿಪೊಟ್ಟಣ ಗೀರಿದರೆ ಹತ್ತುವುದಿಲ್ಲ. ಬಳಪವೂ ಹಾಗೇ. ಥಂಡಿ ಹಿಡಿದ ಬಳಪ ಬೋರ್ಡಿನ ಮೇಲೆ ಜಾರುತ್ತದೆ, ಬರೆಯುವುದಿಲ್ಲ. ಅದಕ್ಕೆ ಶಾಲೆಯ ಬಳಪಗಳನ್ನು ಮನೆಗೆ ತಂದು, ಬಚ್ಚಲ ಒಲೆಯ ದಂಡೆಯ ಮೇಲೆ ಸಾಲಾಗಿ ಜೋಡಿಸುತ್ತಿದ್ದಳು. ಬಿಳಿ ಒಂದು ಕಡೆ, ಬಣ್ಣದ್ದು ಒಂದು ಕಡೆ. ಸ್ನಾನಕ್ಕೆ ಹೋದಾಗ ಒಂದೊಂದನ್ನೇ ಹೊರಳಿಸಬೇಕು, ಹಪ್ಪಳ ಹೊರಳಿಸಿದ ಹಾಗೆ. ಅದು ನನಗೂ ಮಗಳಿಗೂ ಕೊಟ್ಟ ಕೆಲಸ. ಒಣಗಿದ ಮೇಲೆ ಹಾರ್ಲಿಕ್ಸ್ ಬಾಟಲಿಗೆ ತುಂಬಿ ಮುಚ್ಚಳ ಬಿಗಿ ಮಾಡುತ್ತಿದ್ದಳು. ಬಳಪಕ್ಕೆ ಹೊಗೆಯ ವಾಸನೆ ಬರುತ್ತಿತ್ತು. ಅವಳ ಬೆರಳಿಗೂ.

ಮಗಳನ್ನು ಮಲಗಿಸುವಾಗ ಅದೇ ಬೆರಳಿನಿಂದ ಅವಳ ಬೆನ್ನ ಮೇಲೆ ಅಕ್ಷರ ಬರೆದು, ಯಾವುದು ಹೇಳು ಅಂತ ಕೇಳುತ್ತಿದ್ದಳು. ಮಗಳು ಮೊದಲು ಕಲಿತ ಅಕ್ಷರಗಳು ಸ್ಲೇಟಿನವಲ್ಲ, ಬೆನ್ನಿನವು.

1992ರ ಮಳೆಗಾಲದಲ್ಲಿ ಒಂದು ಸಂಜೆ ಕೊನೆಯ ಲಾಂಚು ಬರಲೇ ಇಲ್ಲ. ಗಾಳಿ ಮಳೆ ಅಂಥದ್ದು. ಫೋನು ಎಲ್ಲಿಂದ ಬರಬೇಕು ಆಗ? ಐದು ವರ್ಷದ ಮಗಳನ್ನು ಅಮ್ಮನ ಹತ್ತಿರ ಬಿಟ್ಟು ನಾನು ಹೊಳೆಬಾಗಿಲ ಅಂಗಡಿಯ ಜಗಲಿಯಲ್ಲಿ ನಿಂತೇ ಇದ್ದೆ. ಅಂಗಡಿಯವರು ಬಾಗಿಲು ಹಾಕಿಕೊಂಡು ಹೋದರು. ರಾತ್ರಿ ಹತ್ತರ ಮೇಲೆ ಮಳೆ ಬಿಟ್ಟಿತು. ಕಣ್ಣು ಚುಚ್ಚಿದರೂ ಕಾಣದಂಥ ಕತ್ತಲೆ. ದೂರ ಆಚೆ ದಡದಲ್ಲಿ ಒಂದೇ ಒಂದು ದೀಪ ಕಂಡಿತು. ಸ್ವಲ್ಪ ಹೊತ್ತು ಅತ್ತಿತ್ತ ಆಡಿತು, ಆಮೇಲೆ ನಿಂತಲ್ಲೇ ನಿಂತಿತು. ಮೀನು ಹಿಡಿಯುವವರು ಇರಬೇಕು ಅಂದುಕೊಂಡೆ. ನಡುರಾತ್ರಿ ದಾಟಿದ ಮೇಲೆ ಮನೆಗೆ ಬಂದೆ.

ಬೆಳಿಗ್ಗೆ ಮೊದಲ ಲಾಂಚಿಗೆ ಬಂದಳು. "ಶಾಲೆ ಪಕ್ಕದ ಮನೆಯಲ್ಲಿ ಉಳಿದೆ. ಬಿಸಿ ಗಂಜಿ ಕೊಟ್ರು, ಒಳ್ಳೆ ನಿದ್ದೆ ಬಂತು" ಅಂದಳು. ನನಗೆ ಸಿಟ್ಟು ಬಂತು. ನಾನು ಇಲ್ಲಿ ಹೊತ್ತು ಕಳೆದಿದ್ದು ಹೇಗೆ, ಇವಳು ಅಲ್ಲಿ ಒಳ್ಳೆ ನಿದ್ದೆ ಮಾಡಿದ್ದು ಹೇಗೆ ಅಂತ. ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಆ ಎರಡು ದಿನವೂ ಬಳಪ ಹೊರಳಿಸಿದ್ದು ಅವಳೇ.

ಭಾನುವಾರವಾದ್ದರಿಂದ ಶಾಲೆಗೆ ಬೀಗ. ಹೆಂಚು ಬದಲಾಗಿದೆ, ಅಕ್ಷರ ದಾಸೋಹದ ಅಡುಗೆ ಕೋಣೆ ಹೊಸ ಬಣ್ಣ ಕಂಡಿದೆ. 2003ರಲ್ಲಿ ಬಿಸಿಯೂಟ ಶುರುವಾದಾಗ ಅವಳಿಗಾದ ಖುಷಿ ನನಗೆ ನೆನಪಿದೆ. ಅಲ್ಲಿಯವರೆಗೆ ಅವಳ ಡಬ್ಬಿಯಲ್ಲಿ ಮೂರು ಜನಕ್ಕಾಗುವಷ್ಟು ಅವಲಕ್ಕಿ ಹೋಗುತ್ತಿತ್ತು, ಸಂಜೆ ಡಬ್ಬಿ ಖಾಲಿ, ಇವಳ ಹೊಟ್ಟೆಯೂ ಖಾಲಿ. ಕಿಟಕಿಯ ಸರಳಿಗೆ ಮುಖ ಒತ್ತಿ ಒಳಗೆ ನೋಡಿದೆ. ಬೋರ್ಡಿನ ಮೂಲೆಯಲ್ಲಿ ಶನಿವಾರದ ತಾರೀಕು. ಕೆಳಗೆ, ಒಟ್ಟು 9, ಹಾಜರಿ 8. ಅವಳ ಕಾಲದಲ್ಲಿ ಅದೇ ಮೂಲೆಯಲ್ಲಿ 42 ಅಂತ ಇರುತ್ತಿತ್ತು. ಬಾರದೆ ಇದ್ದ ಆ ಒಂದು ಮಗುವಿನ ಮನೆಗೆ ಅವಳಾಗಿದ್ದರೆ ಶನಿವಾರ ಮಧ್ಯಾಹ್ನವೇ ಹೋಗಿ ಬಂದಿರುತ್ತಿದ್ದಳು.

"ಯಾರು ಬೇಕಾಗಿತ್ತು?" ಪಕ್ಕದ ಮನೆಯ ಅಂಗಳದಿಂದ ಒಬ್ಬ ಅಜ್ಜಿ ಕೂಗಿದರು. ಹೇಳಿದೆವು. "ಅಕ್ಕೋರ ಮನೆಯವ್ರಾ!" ಎಂದು ಕೋಲು ಅಲ್ಲೇ ಬಿಟ್ಟು ಬಂದರು. ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. ಅಕ್ಕೋರು ತೀರಿಹೋದ ಸುದ್ದಿ ಅವರಿಗೆ ಗೊತ್ತಿತ್ತು. ಜಗಲಿಯಲ್ಲಿ ಕೂರಿಸಿ, ಬೆಲ್ಲ ನೀರು ಕೊಟ್ಟರು. ಮಾತು ಎಲ್ಲೆಲ್ಲೋ ಹೋಗಿ ಆ ಮಳೆಯ ರಾತ್ರಿಗೆ ಬಂತು.

"ಗಂಜಿ ಬಡಿಸಿಟ್ಟೆ, ಕೈ ತೊಳೀಲಿಲ್ಲ ಅಕ್ಕೋರು," ಅಂದರು ಅಜ್ಜಿ. "ಅವ್ರು ದಡದಲ್ಲಿ ನಿಂತಿರ್ತಾರೆ, ನಾನು ಹೆಂಗೆ ಉಣ್ಲಿ ಅಂದ್ರು. ಮಳೆ ಬಿಟ್ಟ ಕೂಡ್ಲೆ ನಮ್ಮನೆಯವ್ರ ಹತ್ರ ಗ್ಯಾಸ್ ಲೈಟ್ ಹಚ್ಚಿಸ್ಕೊಂಡು ಹೊಳೆ ದಡಕ್ಕೆ ಹೋದ್ರು. ಕಾಣೂದಿಲ್ಲ ಅಕ್ಕೋರೆ, ಬನ್ನಿ ಅಂದ್ರೂ ಬರ್ಲಿಲ್ಲ. ಎಣ್ಣೆ ಮುಗಿಯೂವರಿಗೂ ನಿಂತಿದ್ರು."

ಮಗಳು ನನ್ನ ಕೈ ಹಿಡಿದುಕೊಂಡಳು.

ವಾಪಸ್ ಬರುವಾಗ ಮುಚ್ಚಂಜೆ. ಸೇತುವೆ ಶುರುವಾಗುವಲ್ಲೇ ಕಾರು ನಿಲ್ಲಿಸು ಅಂದೆ. ನಾನು ಇಳಿದು ನಡೆದೆ, ಮಗಳು ಕಾರನ್ನು ಹಿಂದೆ ಮೆಲ್ಲಗೆ ತಂದಳು. ನಡುವೆ ಬಂದಾಗ ಕಂಬಿ ಹಿಡಿದು ನಿಂತೆ. ಒಂದು ಕಡೆ ನಾನು ನಿಂತಿದ್ದ ಹೊಳೆಬಾಗಿಲು. ಇನ್ನೊಂದು ಕಡೆ ಕಳಸವಳ್ಳಿಯ ದಡ. ಮೂವತ್ತಮೂರು ವರ್ಷ ನಾನು ಅದನ್ನು ಮೀನು ಹಿಡಿಯುವವರ ದೀಪ ಅಂದುಕೊಂಡಿದ್ದೆ.