ನಮ್ಮ ಹುಡುಗ ಪುಸ್ತಕ ಮುಟ್ಟುವುದೇ ಇಲ್ಲ, ಏನು ಮಾಡೋಣ?

ಧಾರವಾಡದ ಒಂದು ಪ್ರೌಢಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತೇನೆ. ಶಾಲೆಯ ಗ್ರಂಥಾಲಯದ ಕೀಲಿಕೈಯೂ ನನ್ನ ಬಳಿಯೇ ಇದೆ. ಹಾಗಾಗಿ ಈ ಪ್ರಶ್ನೆ ನನ್ನ ಬೆನ್ನು ಬಿಡುವುದಿಲ್ಲ. ಪಾಲಕರ ಸಭೆಯಲ್ಲಿ ಕೇಳುತ್ತಾರೆ, ಸಂತೆಯಲ್ಲಿ ಮೆಂತ್ಯದ ಸೂಡು ಆರಿಸುವಾಗ ಕೇಳುತ್ತಾರೆ, ಮದುವೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರೂ ಕೇಳುತ್ತಾರೆ: “ಟೀಚರ್, ನಮ್ಮ ಹುಡುಗ ಮೊಬೈಲ್ ಕೆಳಗಿಡುವುದಿಲ್ಲ, ಪುಸ್ತಕ ಮುಟ್ಟುವುದಿಲ್ಲ. ನೀವೇ ಸ್ವಲ್ಪ ಬುದ್ಧಿ ಹೇಳಿ.”

ಬುದ್ಧಿ ಹೇಳಿದರೆ ಓದುತ್ತಾರೆ ಎಂಬ ನಂಬಿಕೆ ನನಗಿಲ್ಲ. ನಾನು ಅವರನ್ನು ತಿರುಗಿ ಕೇಳುವುದು ಒಂದೇ ಪ್ರಶ್ನೆ: ನಿಮ್ಮ ಹುಡುಗ ಓದಿದ್ದು ಮನೆಯಲ್ಲಿ ಯಾರಿಗೆ ಬೇಕಾಗಿದೆ? ಹೆಚ್ಚಿನವರು ಸುಮ್ಮನಾಗುತ್ತಾರೆ. ಪರೀಕ್ಷೆಗೆ ಬೇಕು, ಅಂಕಕ್ಕೆ ಬೇಕು, ಮುಂದೆ ನೌಕರಿಗೆ ಬೇಕು. ಇವತ್ತು ಸಂಜೆ, ಈ ಮನೆಯಲ್ಲಿ, ಅವನು ಓದಿ ಹೇಳದಿದ್ದರೆ ಯಾರ ಕೆಲಸವೂ ನಿಲ್ಲುವುದಿಲ್ಲ. ನಿಲ್ಲುವಂತೆ ಮಾಡಿ ಎನ್ನುವುದೇ ನನ್ನ ಉತ್ತರ.

ಇದು ಹೊಸ ಉಪಾಯವಲ್ಲ. ನಮ್ಮ ಕಡೆಯ ಮನೆಗಳಲ್ಲಿ ಅಕ್ಷರ ಬಲ್ಲವರು ಒಬ್ಬಿಬ್ಬರೇ ಇದ್ದ ಕಾಲದಲ್ಲಿ ಓದಲು ಬರುವ ಹುಡುಗನಿಗೆ ಬಿಡುವೇ ಇರುತ್ತಿರಲಿಲ್ಲ. ಅಂಚೆಯಲ್ಲಿ ಕಾರ್ಡು ಬಂದರೆ ಅವನೇ ಓದಬೇಕು, ಶ್ರಾವಣದಲ್ಲಿ ಪುರಾಣಕ್ಕೆ ಅವನೇ ಕೂರಬೇಕು. ಗದುಗಿನ ವೀರನಾರಾಯಣನ ಗುಡಿಯ ಕಂಬವೊಂದರ ಬಳಿ ಕುಳಿತು ಕುಮಾರವ್ಯಾಸ ಭಾರತವನ್ನು ಬರೆದ ಎಂಬ ಪ್ರತೀತಿ ಇದೆ. ಬರೆದದ್ದು ಒಬ್ಬನಾದರೂ ಅದು ಇಷ್ಟು ಶತಮಾನ ಉಳಿದದ್ದು ಒಬ್ಬರು ರಾಗವಾಗಿ ವಾಚಿಸಿ, ಇನ್ನೊಬ್ಬರು ಅರ್ಥ ಹೇಳಿ, ಊರವರು ಕುಳಿತು ಕೇಳಿದ್ದರಿಂದ. ಹಾವೇರಿ ಸೀಮೆಯ ಗಳಗನಾಥರು (1869–1942) ಕಾದಂಬರಿ ಬರೆದು ಸುಮ್ಮನೆ ಕೂರಲಿಲ್ಲ, ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಓದುವವರು ಎಲ್ಲಿದ್ದಾರೆ ಎಂದು ಗೊಣಗುವ ಇಂದಿನ ಲೇಖಕರನ್ನು ಕಂಡಾಗಲೆಲ್ಲ ನನಗೆ ಆ ಗಂಟು ನೆನಪಾಗುತ್ತದೆ. ಇರಲಿ, ಅದು ಬೇರೆ ಜಗಳ.

ಮನೆಯಲ್ಲಿ ಅಜ್ಜಿ ಇದ್ದರೆ ಅರ್ಧ ಕೆಲಸ ಮುಗಿದಂತೆ. ಬೆಳಿಗ್ಗೆ ಅವರು ರೊಟ್ಟಿ ಬಡಿಯಲು ಕುಳಿತಾಗ ಹುಡುಗಿಯ ಕೈಗೆ ದಿನಪತ್ರಿಕೆ ಕೊಡಿ. ಸಂಪಾದಕೀಯ ಬೇಡ. ಅಜ್ಜಿಯಂದಿರಿಗೆ ಮೊದಲು ಬೇಕಾಗುವುದು ನಿಧನ ವಾರ್ತೆ. ಹೆಸರು, ವಯಸ್ಸು, ಊರು, ಮಕ್ಕಳೆಷ್ಟು, ಅಂತ್ಯಕ್ರಿಯೆ ಎಲ್ಲಿ. “ಹಾನಗಲ್ಲಿನವರೇ? ತಡೆ, ಇನ್ನೊಮ್ಮೆ ಓದು, ಅಡ್ಡಹೆಸರು ಏನೆಂದೆ?” ಎಂದು ಅಜ್ಜಿ ರೊಟ್ಟಿ ತಿರುವುವುದನ್ನೂ ನಿಲ್ಲಿಸುತ್ತಾರೆ. ನಾಲ್ಕು ಸಾಲಿನ ವಾರ್ತೆಯಿಂದ ಯಾರದೋ ಮದುವೆ, ಯಾರದೋ ಹೊಲದ ವ್ಯಾಜ್ಯ, ಮೂವತ್ತು ವರ್ಷದ ಹಿಂದೆ ಮಾತುಬಿಟ್ಟ ನೆಂಟರು ಎಲ್ಲರೂ ಹೊರಬರುತ್ತಾರೆ. ಮರುದಿನ ಹುಡುಗಿಯೇ ಪತ್ರಿಕೆ ಹುಡುಕುತ್ತಾಳೆ. ನಿಧನ ವಾರ್ತೆಯಿಂದ ಓದು ಆರಂಭಿಸುವುದು ಅಪಶಕುನ ಎನ್ನುವವರಿಗೆ ಗೋಡೆಯ ಕ್ಯಾಲೆಂಡರ್ ಇದೆ. ಅಮಾವಾಸ್ಯೆ ಎಂದು, ಏಕಾದಶಿ ಎಂದು, ಯಾವ ಊರಿನ ಜಾತ್ರೆ ಎಂದು, ಎಲ್ಲ ಅದರಲ್ಲಿದೆ. ಅಜ್ಜಿಗೆ ಕಾಣುತ್ತಿದ್ದರೂ ಕನ್ನಡಕ ಸಿಗುತ್ತಿಲ್ಲ ಎನ್ನಲಿ. ಅಷ್ಟು ಸುಳ್ಳಿಗೆ ದೋಷವಿಲ್ಲ.

ಮಕ್ಕಳು ಪುಸ್ತಕದಿಂದ ದೂರ ಸರಿಯಲು ಸೋಮಾರಿತನವೇ ಕಾರಣ ಎಂದು ಪಾಲಕರು ತೀರ್ಮಾನಿಸಿಬಿಡುತ್ತಾರೆ. ನಾನು ಕಂಡಂತೆ ಬಹಳ ಮಕ್ಕಳಿಗೆ ಓದುವುದು ಇನ್ನೂ ಕಷ್ಟದ ಕೆಲಸವಾಗಿಯೇ ಉಳಿದಿರುತ್ತದೆ. ಕನ್ನಡದ ವರ್ಣಮಾಲೆಯ 49 ಅಕ್ಷರ ಕಲಿತರೆ ಮುಗಿಯಿತು ಎಂದುಕೊಳ್ಳುತ್ತೇವೆ. ಆದರೆ ಕಾಗುಣಿತ ಸೇರಿದಾಗ ಒಂದೊಂದು ವ್ಯಂಜನವೂ ಹತ್ತಾರು ರೂಪ ತಾಳುತ್ತದೆ, ಅದರ ಕೆಳಗೆ ಒತ್ತಕ್ಷರ ಬರುತ್ತದೆ. ಆರನೆಯ ತರಗತಿಯ ಹುಡುಗನೂ ‘ಶಸ್ತ್ರಚಿಕಿತ್ಸೆ’ಯ ಎದುರು ಒಂದು ಕ್ಷಣ ನಿಲ್ಲುತ್ತಾನೆ. ಅಕ್ಷರ ಬಿಡಿಸುವುದಕ್ಕೇ ಗಮನವೆಲ್ಲ ಖರ್ಚಾದರೆ ಸಾಲಿನ ಕೊನೆಗೆ ಬರುವಷ್ಟರಲ್ಲಿ ಮೊದಲು ಏನಿತ್ತು ಎಂಬುದೇ ಮರೆತಿರುತ್ತದೆ. ಅಂಥ ಮಗುವಿಗೆ ಕಥೆಯ ರುಚಿ ಹತ್ತುವುದಾದರೂ ಹೇಗೆ? ದಪ್ಪ ಪುಸ್ತಕ ಕೊಡುವುದರಿಂದ ಇದು ಸರಿಹೋಗುವುದಿಲ್ಲ. ಚಿಕ್ಕ ಚಿಕ್ಕದನ್ನು, ಮತ್ತೆ ಮತ್ತೆ, ಬೇಗ ಬೇಗ ಓದುವ ಸಂದರ್ಭಗಳು ಬೇಕು.

ಅದಕ್ಕೆ ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಧಾರವಾಡದಿಂದ ಹುಬ್ಬಳ್ಳಿಗೆ ಸುಮಾರು 22 ಕಿಲೋಮೀಟರ್, ಅಗಲವಾದ ಗಾಜಿನ ಕಿಟಕಿ, ರಸ್ತೆಯ ಎರಡೂ ಬದಿಗೆ ಅಂಗಡಿಗಳ ಫಲಕ. ಒಂದು ಬದಿ ಅಪ್ಪನದು, ಇನ್ನೊಂದು ಮಗಳದು. ಒತ್ತಕ್ಷರವಿರುವ ಪದ ಕಂಡವರು ಓದಿ ಹೇಳಬೇಕು, ಒಂದು ಅಂಕ. ಒತ್ತಿನ ಕೆಳಗೆ ಮತ್ತೊಂದು ಒತ್ತಿದ್ದರೆ ಮೂರು ಅಂಕ. ‘ಎಲೆಕ್ಟ್ರಿಕಲ್ಸ್’ ಅಂಗಡಿಗಳು ಇರುವುದೇ ಈ ಆಟಕ್ಕಾಗಿ ಎಂದು ಮಕ್ಕಳು ಭಾವಿಸಿದ್ದಾರೆ. ಬಸ್ಸಿನ ವೇಗಕ್ಕೆ ಫಲಕ ಕಣ್ಣೆದುರು ಇರುವುದು ಕ್ಷಣಕಾಲ. ಅಕ್ಷರ ಕೂಡಿಸುತ್ತ ಕೂತರೆ ಉಣಕಲ್ ಕೆರೆಯೇ ಹಿಂದಾಗಿರುತ್ತದೆ. ಹೀಗಾಗಿ ಕಣ್ಣು ಇಡೀ ಪದವನ್ನು ಒಮ್ಮೆಗೇ ಹಿಡಿಯಲು ಕಲಿಯುತ್ತದೆ. ಕಾಗುಣಿತದ ತಪ್ಪು ಹಿಡಿದವರಿಗೆ ಐದು ಅಂಕ ಇಟ್ಟು ನೋಡಿ. ದೊಡ್ಡವರ ತಪ್ಪು ಹಿಡಿಯುವಷ್ಟು ಸುಖ ಮಕ್ಕಳಿಗೆ ಬೇರೊಂದಿಲ್ಲ, ನಮ್ಮ ಅವಳಿ ನಗರದ ಫಲಕಗಳು ಅವರನ್ನು ಎಂದೂ ನಿರಾಸೆಗೊಳಿಸಿಲ್ಲ.

ಅಡುಗೆಮನೆಯ ಆಟ ನನಗೆ ಎಲ್ಲಕ್ಕಿಂತ ಇಷ್ಟ. ಒಂದು ಭಾನುವಾರ ಶೇಂಗಾ ಹೋಳಿಗೆ ಮಾಡುವುದೆಂದು ಗೊತ್ತುಮಾಡಿ. ಮಾಡುವ ವಿಧಾನವನ್ನು ಒಂದು ಹಾಳೆಯಲ್ಲಿ ಬರೆದು ಹುಡುಗನಿಗೆ ಕೊಡಿ. ನಿಯಮ ಒಂದೇ: ಅವನು ಓದಿದ್ದನ್ನಷ್ಟೇ ಅವ್ವ ಮಾಡುತ್ತಾಳೆ. ಓದದ್ದನ್ನು ಮಾಡುವುದಿಲ್ಲ, ತನಗೆ ಗೊತ್ತಿದ್ದರೂ ಮಾಡುವುದಿಲ್ಲ. ನನ್ನ ವಿದ್ಯಾರ್ಥಿಯೊಬ್ಬನ ತಾಯಿ ಇದನ್ನು ಅಕ್ಷರಶಃ ಪಾಲಿಸಿದರು. ಹುಡುಗ “ಶೇಂಗಾ ಹುರಿದು” ಎಂದು ಓದಿ, “ಆರಿದ ಮೇಲೆ ತಿಕ್ಕಿ ಸಿಪ್ಪೆ ತೆಗೆದು” ಎಂಬ ಸಾಲನ್ನು ಹಾರಿಸಿ, ನೇರವಾಗಿ “ಪುಡಿ ಮಾಡಬೇಕು” ಎಂಬಲ್ಲಿಗೆ ಬಂದ. ತಾಯಿ ಸಿಪ್ಪೆಸಮೇತ ಬಿಸಿ ಶೇಂಗಾವನ್ನು ಮಿಕ್ಸರಿಗೆ ಸುರಿದು ಗುಂಡಿಗೆ ಕೈಯಿಟ್ಟರು. “ಅವ್ವಾ, ತಡೆ, ತಡೆ” ಎಂದು ಅವನು ಕಿರುಚಿದ್ದು ಪಕ್ಕದ ಮನೆಗೂ ಕೇಳಿಸಿತಂತೆ. ಆಮೇಲೆ ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಓದಿದ. ಬೆಲ್ಲ ಎಷ್ಟು, ಏಲಕ್ಕಿ ಯಾವಾಗ, ಕಣಕ ಎಷ್ಟು ಹೊತ್ತು ನೆನೆಯಬೇಕು, ಒಂದನ್ನೂ ಬಿಡಲಿಲ್ಲ. ಪಾಠದ ಕೊನೆಯ ಪ್ರಶ್ನೆಗಳಿಂದ ನಾನು ಅವನಿಗೆ ಕಲಿಸಲಾಗದಿದ್ದ ಎಚ್ಚರವನ್ನು ಒಂದು ಸೇರು ಶೇಂಗಾ ಕಲಿಸಿತು.

ಮುಂದಿನ ಬಾರಿ ಕಾಗದವನ್ನು ಅವನೇ ತಯಾರಿಸಲಿ, ಅಜ್ಜಿಯನ್ನು ಕೇಳಿಕೊಂಡು. ಅಲ್ಲಿ ನಿಜವಾದ ಮಜಾ ಇದೆ. “ಹಿಟ್ಟು ಎಷ್ಟು?” ಎಂದರೆ “ಸಾಕಾಗುವಷ್ಟು” ಎನ್ನುತ್ತಾರೆ. “ಎಷ್ಟು ಹೊತ್ತು ಹುರಿಯಬೇಕು?” ಎಂದರೆ “ವಾಸನೆ ಬರುವ ತನಕ” ಎನ್ನುತ್ತಾರೆ. ಹುಡುಗ ಅಜ್ಜಿಯ ಹಿಡಿಯನ್ನು ಲೋಟದಲ್ಲಿ ಅಳೆದು ಬರೆದುಕೊಳ್ಳಬೇಕಾಗುತ್ತದೆ. ಆ ವಹಿಯನ್ನು ಓದಿ ಬೆಂಗಳೂರಿನ ಕಾಕೂ ಮಾದಲಿ ಮಾಡಿ, ಚೆನ್ನಾಗಿ ಬಂತೆಂದು ಫೋನ್ ಮಾಡಿದರೆ ಲೇಖಕನಾದ ಸಂಭ್ರಮ ಅವನದು.

ಗಿರಮಿಟ್ ತಿನ್ನುವವರಿಗೆ ಮುಂದಿನ ಆಟ ಮೊದಲೇ ಗೊತ್ತಿರುತ್ತದೆ. ಹರಿದ ಪತ್ರಿಕೆಯ ಚೂರಿನಲ್ಲಿ ಕಟ್ಟಿಕೊಟ್ಟದ್ದನ್ನು ತಿಂದು ಮುಗಿಸಿ, ಎಣ್ಣೆ ಹೀರಿದ ಕಾಗದದಲ್ಲಿ ಅರ್ಧ ಸುದ್ದಿ ಓದಿ, ಕಳ್ಳ ಸಿಕ್ಕನೋ ಇಲ್ಲವೋ ಎಂದು ಕೊರಗಿದವರು ನಮ್ಮಲ್ಲಿ ಬಹಳ ಜನ. ಮನೆಯಲ್ಲಿ ಅದನ್ನೇ ಬೇಕೆಂದು ಮಾಡಬಹುದು. ಹಳೆಯ ಪತ್ರಿಕೆಯ ಒಂದು ಕುತೂಹಲದ ಸುದ್ದಿಯನ್ನು ಅಡ್ಡಡ್ಡ ಹರಿದು ಮೇಲಿನ ಭಾಗವನ್ನು ಊಟಕ್ಕೆ ಮುಂಚೆ ಕೊಡಿ. ಮುಂದೇನಾಯಿತು ಎಂದು ಎಲ್ಲರೂ ಒಂದೊಂದು ಕಥೆ ಕಟ್ಟಲಿ. ಊಟವಾದ ಮೇಲೆ ಕೆಳಗಿನ ಭಾಗ. ಮಕ್ಕಳು ಕಟ್ಟಿದ ಕಥೆ ವರದಿಗಾರನದಕ್ಕಿಂತ ಚೆನ್ನಾಗಿರುವುದೇ ಹೆಚ್ಚು. ಚಿಕ್ಕವರಿದ್ದರೆ ಶಾಲೆಯ ಊಟದ ಡಬ್ಬಿಯಲ್ಲಿ ಒಡಪಿನ ಚೀಟಿ ಇಡಿ: “ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ, ಏನದು?” ಉತ್ತರ ಮಲ್ಲಿಗೆ ಎಂದು ಗೆಳೆಯರಿಗೆಲ್ಲ ಹೇಳಿಬಿಟ್ಟ ಮೇಲೆ ನಾಳೆಯ ಚೀಟಿಗೆ ಇಡೀ ಬೆಂಚು ಕಾಯುತ್ತದೆ.

ಓದಿದ್ದನ್ನು ಹೋಗಿ ಪರೀಕ್ಷಿಸುವುದೂ ಒಂದು ದಾರಿ. ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದ, ಜಗತ್ತಿನಲ್ಲೇ ಅತಿ ಉದ್ದದ್ದು ಎಂದು ಓದಿದರಷ್ಟೇ? ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದುಕೊಂಡು ಹೆಜ್ಜೆ ಎಣಿಸಲು ಬಿಡಿ. ಗದಗ ಕಡೆಯವರಿಗೆ ಇನ್ನೂ ಸೊಗಸಾದದ್ದಿದೆ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. 2024ರಲ್ಲಿ ಆ ಕೆರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಹೋಗುವ ಮುನ್ನ ಹಕ್ಕಿಯ ಬಗ್ಗೆ ಒಂದು ಪುಟ ಓದಿಕೊಂಡು, ಅಲ್ಲಿ ನಿಂತು ಮನೆಯವರಿಗೆ ವಿವರಿಸುವ ಹೊಣೆ ಮಗುವಿನದು. ತಲೆಯ ಹಿಂದೆ ಎರಡು ಕಪ್ಪು ಪಟ್ಟೆ ಇವೆ ಎಂದು ಓದಿದ್ದನ್ನು ನೀರಿನ ಮೇಲೆ ಕಂಡ ಮಗು ಪುಸ್ತಕ ಸುಳ್ಳು ಹೇಳಿಲ್ಲ ಎಂದು ಬೆರಗಾಗುವುದನ್ನು ನೋಡಬೇಕು.

ಹದಿನಾಲ್ಕು ಹದಿನೈದು ದಾಟಿದವರು ಈ ಆಟಗಳಿಗೆ ಮೂಗು ಮುರಿಯುತ್ತಾರೆ. ಅವರಿಗೆ ಆಟ ಬೇಡ, ಅಧಿಕಾರ ಬೇಕು. ವಿದ್ಯುತ್ ಬಿಲ್ಲಿನಲ್ಲಿ ಈ ತಿಂಗಳು ಏಕೆ ಹೆಚ್ಚು ಬಂದಿದೆ ಎಂದು ಓದಿ ಹೇಳುವವರು ಅವರಾಗಲಿ. ಹೊಲ ಇರುವ ಮನೆಯಲ್ಲಿ ಪಹಣಿ, ಬೆಳೆ ವಿಮೆಯ ಅರ್ಜಿ, ಬೀಜದ ಚೀಲದ ಹಿಂದಿನ ಸಣ್ಣ ಅಕ್ಷರ, ಔಷಧಿ ಡಬ್ಬಿಯ ಮೇಲಿನ ಸೂಚನೆ ಇವೆಲ್ಲ ಅವರ ಕೈಗೆ ಬರಲಿ. ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ದರವನ್ನು ಅಪ್ಪನಿಗೆ ಓದಿ ಹೇಳುವ ಹುಡುಗಿಯ ಮಾತಿಗೆ ಮನೆಯಲ್ಲಿ ತೂಕ ಬರುತ್ತದೆ. ಸಂಜೆ ಟೀವಿ, ಮೊಬೈಲು ಬಿಡುವುದಿಲ್ಲವೇ? ಹಾಡಿನ ಸಾಲುಗಳು ಅದೇ ಭಾಷೆಯಲ್ಲಿ ಕೆಳಗೆ ಬರುವಂತೆ ಮಾಡಿಕೊಳ್ಳಿ. ಅಹಮದಾಬಾದಿನ ಐಐಎಂನ ಬ್ರಿಜ್ ಕೊಠಾರಿ 1996ರಲ್ಲಿ ಈ ಯೋಚನೆಯನ್ನು ಮುಂದಿಟ್ಟರು, ಮುಂದೆ ದೂರದರ್ಶನದ ಚಿತ್ರಗೀತೆಗಳಿಗೂ ಅದು ಬಂತು. ಬಾಯಿಪಾಠವಾಗಿರುವ ಹಾಡಿನ ಅಕ್ಷರಗಳು ಕಣ್ಣೆದುರು ಬಂದರೆ ಓದದೆ ಇರುವುದೇ ಕಷ್ಟ.

ಕ್ರೀಡಾಪುಟ ಮಾತ್ರ ಓದುತ್ತಾನೆ, ಚಿತ್ರಕಥೆ ಮಾತ್ರ ಓದುತ್ತಾಳೆ ಎಂಬ ದೂರು ಬರುತ್ತದೆ. ಓದಲಿ ಬಿಡಿ. ನಡುವೆ ಬಾಯಿ ಹಾಕಬೇಡಿ. ತಪ್ಪು ಓದಿದ ಕೂಡಲೇ ತಿದ್ದುವ ಅಪ್ಪಂದಿರ ಎದುರು ಯಾವ ಮಗುವೂ ಎರಡನೆಯ ಪುಟ ತಿರುವುವುದಿಲ್ಲ. ಸಾಲಿನ ಕೊನೆಯವರೆಗೆ ತಡೆದುಕೊಳ್ಳಿ, ಅರ್ಥ ಕೆಟ್ಟರೆ ಅದೇ ಹಿಂದೆ ಬಂದು ಸರಿಮಾಡಿಕೊಳ್ಳುತ್ತದೆ. ಓದಿ ಮುಗಿಸಿದ ಮೇಲೆ “ಇದರಿಂದ ಏನು ಕಲಿತೆ?” ಎಂದು ಕೇಳುವುದನ್ನಂತೂ ದಯವಿಟ್ಟು ಬಿಡಿ. ಆ ಕೆಲಸಕ್ಕೆ ನಾವು ಶಾಲೆಯವರು ಇದ್ದೇವೆ, ಸಾಲದ್ದಕ್ಕೆ ಸಪ್ತಾಪುರದ ಬೀದಿ ತುಂಬ ಕೋಚಿಂಗ್ ತರಗತಿಗಳಿವೆ. ಪುಟಕ್ಕಿಷ್ಟು ಎಂದು ದುಡ್ಡು ಕೊಡುವವರನ್ನೂ ಕಂಡಿದ್ದೇನೆ. ದುಡ್ಡು ನಿಂತ ದಿನ ಓದೂ ನಿಲ್ಲುತ್ತದೆ.

ಪುಸ್ತಕ ಕೊಳ್ಳಲು ಹಣವೆಲ್ಲಿ ಎನ್ನುವವರಿಗೆ: ಹಳ್ಳಿಯಲ್ಲಿದ್ದರೆ ಪಂಚಾಯಿತಿಯ ಗ್ರಂಥಾಲಯ, ಈಗ ಅದಕ್ಕೆ ಅರಿವು ಕೇಂದ್ರ ಎನ್ನುತ್ತಾರೆ, ಅಲ್ಲಿಗೆ ಹೋಗಿ. 2020ರ ನವೆಂಬರಿನಲ್ಲಿ ಆರಂಭವಾದ ‘ಓದುವ ಬೆಳಕು’ ಅಭಿಯಾನದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ಪಟ್ಟಣದವರು ನೀವು ಕಟ್ಟುವ ಆಸ್ತಿ ತೆರಿಗೆಯ ರಸೀದಿ ನೋಡಿ, ಅದರಲ್ಲಿ ಗ್ರಂಥಾಲಯ ಕರವೂ ಇರುತ್ತದೆ. ಹಣ ಕಟ್ಟಿ ಆಗಿದೆ, ಪುಸ್ತಕ ತರುವುದಷ್ಟೇ ಬಾಕಿ. ಫೋನೇ ಬೇಕೆಂದು ಹಟ ಹಿಡಿದರೆ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಕಥೆಗಳು ಪುಕ್ಕಟೆ ಸಿಗುತ್ತವೆ. ಗ್ರಂಥಾಲಯದ ಅರ್ಜಿಯನ್ನು ನೀವು ತುಂಬಬೇಡಿ. ಮಗುವೇ ಓದಿ, ಮಗುವೇ ತುಂಬಿ, ತನ್ನ ಹೆಸರಿನ ಮುಂದೆ ತಾನೇ ಸಹಿ ಹಾಕಲಿ. ಮೊದಲ ಪುಸ್ತಕವನ್ನೂ ಅದೇ ಆರಿಸಲಿ, ಅದು ನಿಮಗೆ ಎಷ್ಟೇ ಕೆಟ್ಟದ್ದೆನಿಸಿದರೂ.