ಇಳಕಲ್ಲಿನ ಹಾಸು, ಹೊಕ್ಕು

ಬಾದಾಮಿ, ಐಹೊಳೆ, ಕೂಡಲಸಂಗಮ ಎಲ್ಲಾ ನೋಡಿದೆವು. ಚೆನ್ನಾಗಿದ್ದವು. ಆದರೆ ಊರಿಗೆ ಬಂದ ಮೇಲೂ ಕಣ್ಣಿಗೆ ಕಟ್ಟಿದ ಹಾಗೆ ಉಳಿದಿರುವುದು ಇಳಕಲ್ಲಿನ ಒಂದು ಮನೆಯ ಕುಣಿಮಗ್ಗ.

ಗುಂಡಿಯೊಳಗೆ ಕಾಲು ಇಳಿಬಿಟ್ಟು ಅಜ್ಜಿಯೊಬ್ಬರು ನೇಯುತ್ತಿದ್ದರು. "ಈ ಉದ್ದದ ಎಳೆಗಳಿಗೆ ಏನಂತೀರಿ?" ಅಂತ ಸುಮ್ನೆ ಕೇಳಿದೆ.

"ಹಾಸು."

"ಅಡ್ಡ ಬರೋದಕ್ಕೆ?"

"ಹೊಕ್ಕು. ಲಾಳಿ ಕೂಡ ಒಳಗ ಹೊಕ್ಕತದಲ್ಲ?"

'ಹಾಸುಹೊಕ್ಕು' ಅನ್ನುವ ಮಾತನ್ನು ಎಷ್ಟೋ ಸಲ ಬಳಸಿದ್ದೇನೆ. ಕಣ್ಣಾರೆ ನೋಡಿದ್ದು ಅವತ್ತೇ. ಅಜ್ಜಿ ಕಾಲಲ್ಲಿ ತುಳಿದರೆ ಹಾಸು ಬಾಯಿ ಬಿಡುತ್ತದೆ. ಅಡ್ಡ ಎಳೆ ಹೊತ್ತ ಲಾಳಿ ನುಗ್ಗಿ ಆಚೆ ಬರುತ್ತದೆ. ಹಣಿಗೆ ಬಂದು ಎಳೆಯನ್ನು ಒತ್ತಿ ಕೂರಿಸುತ್ತದೆ. ಅಷ್ಟಾದ ಮೇಲೆ ಒಂದನ್ನು ಬಿಟ್ಟು ಇನ್ನೊಂದನ್ನು ಎಳೆಯುವುದು ಆಗದ ಮಾತು. ತಲೆ ಬಾಚುವ ಹಣಿಗೆಗೂ ಮಗ್ಗದ ಹಣಿಗೆಗೂ ಅದೇ ಹೆಸರು, ಅದೇ ಸಾಲು ಸಾಲು ಹಲ್ಲು. ಚಿಕ್ಕಂದಿನಲ್ಲಿ ನಮ್ಮಮ್ಮ "ಒಳಗೂ ಹೊರಗೂ ಲಾಳಿ ಹೊಡೀಬೇಡ" ಅಂತ ಗದರುತ್ತಿದ್ದರು. ಆ ಓಟ ಹೇಗಿರುತ್ತದೆ ಅಂತ ಈಗ ಗೊತ್ತಾಯಿತು.

ಮಾತು ಕೊಂಡಿಯ ಹತ್ತಿರ ನಿಂತಿತು. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಾದರೂ ಸೆರಗಿಗೆ ರೇಷ್ಮೆ. ಎರಡರ ಎಳೆಗಳನ್ನೂ ಒಂದರೊಳಗೊಂದು ಕುಣಿಕೆ ಹಾಕಿ ಸೇರಿಸುತ್ತಾರೆ. ಅದೇ ಕೊಂಡಿ. ಹಾಗಾಗಿ ಒಂದು ಹಾಸಿನಿಂದ ಒಂದೇ ಸೀರೆ. ಮುಂದಿನ ಸೀರೆಗೆ ಮತ್ತೆ ಮೊದಲಿಂದ ಕೊಂಡಿ ಹಾಕಬೇಕು.

ಹಿಂದಿನ ದಿನ ದಾರಿಯ ಒಂದು ಅಂಗಡಿಯಲ್ಲಿ 'ಕೈಮಗ್ಗದ್ದು' ಅಂತ ಕೊಂಡಿದ್ದ ಸೀರೆಯನ್ನು ತೋರಿಸಿದೆ. ಅಜ್ಜಿ ಒಡಲು, ಸೆರಗು ಕೂಡುವ ಜಾಗದಲ್ಲಿ ಬೆರಳಾಡಿಸಿ, "ಇದರಾಗ ಕೊಂಡಿನ ಇಲ್ಲವ್ವ" ಅಂದರು. ಕೊಟ್ಟ ದುಡ್ಡಿಗಿಂತ ಆ ಸುಳ್ಳು ಜಾಸ್ತಿ ನೋಯಿಸಿತು. ನೀವು ಕೊಳ್ಳುವಾಗ ಸೀರೆಯನ್ನು ಪೂರ್ತಿ ಬಿಚ್ಚಿಸಿ ಆ ಕೂಡುವ ಜಾಗ ನೋಡಿ. ಬಣ್ಣಕ್ಕೆ ಮರುಳಾಗಬೇಡಿ. ನನಗಂತೂ ಈಗಿನ ಹೊಳೆಯುವ ಜರಿ ಅಂಚು ಒಗ್ಗುವುದಿಲ್ಲ. ಕೆಂಪು ಸೆರಗಿನ ಮೇಲೆ ಬಿಳಿ ಟೋಪ ತೆನಿ ಅನ್ನುವ ಹಳೇ ವಿನ್ಯಾಸ ಇದ್ದರೆ ಸಾಕು.

ಇನ್ನೇನೋ ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಹಾಸಿನ ಒಂದು ಎಳೆ ಹರಿಯಿತು. ಅಜ್ಜಿ ಕೈ ಎತ್ತಿ "ತಡಿ" ಅಂದರು. ಮಗ್ಗದ ಮೇಲೆ ಬಗ್ಗಿ, ತುದಿ ಹುಡುಕಿ, ಗಂಟು ಹಾಕತೊಡಗಿದರು.